ಭಾವ ಓದದೆ ಬಿಟ್ಟ ಅರ್ಧ ಸಾಲು

ನಮ್ಮ ಭಾವನನ್ನು ಪ್ರೆಸ್ಸಿನಲ್ಲಿ ಎಲ್ಲರೂ ಆಮೆ ಎಂದು ಕರೆಯುತ್ತಾರೆ. ನನ್ನನ್ನು ಮೆಣಸಿನಕಾಯಿ ಎನ್ನುತ್ತಾರೆ. ಅವರನ್ನು ಎದುರಿಗೇ ಕರೆಯುತ್ತಾರೆ, ನನ್ನನ್ನು ಬೆನ್ನ ಹಿಂದೆ. ಕಣ್ಣು ಕಾಣದವಳಿಗೆ ಕಿವಿಯೂ ಅಷ್ಟಕ್ಕಷ್ಟೇ ಎಂದು ನಂಬಿರುವ ಮಂದಿ ಇನ್ನೂ ಇದ್ದಾರೆ, ಏನು ಮಾಡುವುದು.

ನಮ್ಮದು ಬ್ರೈಲ್ ಪ್ರೆಸ್. ದಪ್ಪ ಕಾಗದದ ಮೇಲೆ ಚುಕ್ಕೆ ಎಬ್ಬಿಸಿ ಬೆರಳಿನಿಂದ ಓದುವ ಪುಸ್ತಕ ಮಾಡುವುದು ನಮ್ಮ ಕಸುಬು. ಹದಿನೇಳು ಜನ ಕೆಲಸ ಮಾಡುತ್ತೇವೆ, ಅದರಲ್ಲಿ ಒಂಬತ್ತು ಜನಕ್ಕೆ ಕಣ್ಣು ಕಾಣುವುದಿಲ್ಲ. ನಾನು ಪ್ರೂಫ್ ಓದುವವಳು. ಕಣ್ಣಿದ್ದವರು ಮೂರು ಸಲ ನೋಡಿ ಬಿಟ್ಟ ತಪ್ಪನ್ನು ನನ್ನ ಬಲಗೈಯ ತೋರುಬೆರಳು ಒಂದೇ ಸಲಕ್ಕೆ ಹಿಡಿಯುತ್ತದೆ. ಜಂಬ ಎಂದುಕೊಂಡರೆ ಅಂದುಕೊಳ್ಳಿ.

ಭಾವ ಎಂದರೆ ನನ್ನ ಅಕ್ಕನ ಗಂಡ. ಅಕ್ಕನನ್ನು ನೋಡಲು ಮೊದಲ ಸಲ ನಮ್ಮ ಮನೆಗೆ ಬಂದ ದಿನ ನನಗೆ ಹತ್ತೊಂಬತ್ತು ವರ್ಷ. ಅದುವರೆಗೆ ಮನೆಗೆ ಬಂದವರೆಲ್ಲ ನನ್ನ ವಿಷಯವನ್ನು ಅಕ್ಕನ ಹತ್ತಿರ ಕೇಳುತ್ತಿದ್ದರು. "ಇವಳಿಗೆ ಟೀ ಕೊಡಬಹುದಾ? ಸಕ್ಕರೆ ಎಷ್ಟು?" ನಾನು ಪಕ್ಕದಲ್ಲೇ ಕಲ್ಲಿನ ಹಾಗೆ ಕೂತಿರುತ್ತಿದ್ದೆ. ಈ ಮನುಷ್ಯ ಮಾತ್ರ ನನ್ನ ಎದುರಿಗೆ ಕುರ್ಚಿ ಎಳೆದುಕೊಂಡು, "ಏನು ಓದ್ತಾ ಇದ್ದೀಯ?" ಎಂದು ನನ್ನನ್ನೇ ಕೇಳಿ, ಉತ್ತರ ಬರುವವರೆಗೂ ಸುಮ್ಮನಿದ್ದರು. ಆಮೇಲೆ ಆ ಪುಸ್ತಕವನ್ನು ತೊಡೆಯ ಮೇಲೆ ಇಟ್ಟುಕೊಂಡು, ಯಾವ ಚುಕ್ಕೆಗೆ ಯಾವ ಅಕ್ಷರ ಎಂದು ಒಂದೂವರೆ ಗಂಟೆ ಕಲಿತರು. ಅಕ್ಕನ ಟೀ ಆರಿ ನೀರಾಯಿತು. "ನೋಡಲಿಕ್ಕೆ ಬಂದದ್ದು ನನ್ನನ್ನೋ ನನ್ನ ತಂಗಿಯನ್ನೋ" ಎಂದು ಅಕ್ಕ ಈಗಲೂ ಕೆಣಕುತ್ತಾಳೆ.

ಆದರೆ ಅವರು ಕಲಿತದ್ದು ಕಣ್ಣಿನಿಂದ. ಕಾಗದವನ್ನು ಬೆಳಕಿಗೆ ಓರೆ ಹಿಡಿದು, ಚುಕ್ಕೆಯ ನೆರಳು ನೋಡಿ ಓದುವುದು. ಬೆರಳಿನಿಂದ ಓದಿ ನೋಡಿ ಭಾವ, ಎಂದು ನಾನು ಎಷ್ಟೋ ಸಲ ಹೇಳಿದ್ದೇನೆ. "ಕಣ್ಣಿದೆಯಲ್ಲ ಪುಟ್ಟಿ, ಬೆರಳಿಗೆ ಯಾಕೆ ತೊಂದರೆ" ಎಂದು ನಕ್ಕುಬಿಡುತ್ತಿದ್ದರು. ನನಗೀಗ ನಲವತ್ತಾರು. ಅವರಿಗೆ ಇನ್ನೂ ಪುಟ್ಟಿಯೇ.

ಪ್ರೆಸ್ಸಿಗೆ ಹೊಸ ಅಚ್ಚು ಯಂತ್ರ ಬಂದಾಗ ಭಾವ ಅಲ್ಲಿ ಕಂಪ್ಯೂಟರ್ ರಿಪೇರಿ ನೋಡಿಕೊಳ್ಳುತ್ತಿದ್ದರು. ಯಂತ್ರವೇನೋ ಭರ್ಜರಿಯಾಗಿತ್ತು. ಓಡಲು ತೊಡಗಿದರೆ ಎರಡು ಕೋಣೆಯಾಚೆಗೂ ಮಾತು ಕೇಳಿಸದಷ್ಟು ಗಲಾಟೆ. ಅದಕ್ಕೆ ಬಾಯಿಬಡುಕಿ ಎಂದು ಹೆಸರಿಟ್ಟವಳು ನಾನೇ. ಕಷ್ಟ ಏನೆಂದರೆ, ಅದರ ಜೊತೆ ಬಂದ ಸಾಫ್ಟ್‌ವೇರಿಗೆ ನಮ್ಮ ಭಾಷೆಯ ಒತ್ತಕ್ಷರ ಎದುರಾದರೆ ಕಕ್ಕಾಬಿಕ್ಕಿ. ಆಗ ಭಾವ ಇಟ್ಟಿಗೆಯಷ್ಟು ದಪ್ಪದ ಪುಸ್ತಕ ತಂದು ಜಾವಾ ಎಂಬ ಕಂಪ್ಯೂಟರ್ ಭಾಷೆ ಕಲಿತರು. ಎಂಟು ತಿಂಗಳು ಹಿಡಿಯಿತು. ಆಮೆ ಎಂಬ ಹೆಸರು ಆಗಲೇ ಅಂಟಿಕೊಂಡದ್ದು. ಎಂಟು ತಿಂಗಳ ಮೇಲೆ ಅವರು ಬರೆದ ಪ್ರೋಗ್ರಾಂ ಇಪ್ಪತ್ತೆರಡು ವರ್ಷ ಒಂದು ದಿನವೂ ಕೈಕೊಡದೆ ಓಡಿತು. ಬೇಗ ಬರೆದವರ ಪ್ರೋಗ್ರಾಂಗಳು ಈಗ ಎಲ್ಲಿವೆಯೋ ಯಾರಿಗೂ ಗೊತ್ತಿಲ್ಲ.

ಅವರ ನಿಧಾನಕ್ಕೆ ಒಂದು ಕ್ರಮವಿತ್ತು. ಕಂಪ್ಯೂಟರ್ ಏನಾದರೂ ತಪ್ಪು ತೋರಿಸಿದರೆ, ಆ ಸಾಲನ್ನು ಮೊದಲ ಪದದಿಂದ ಕೊನೆಯ ಪದದವರೆಗೆ ಜೋರಾಗಿ ಓದುತ್ತಿದ್ದರು. ಒಂದಲ್ಲ, ಎರಡು ಸಲ. ಆಮೇಲೇ ಕೀಲಿಮಣೆಗೆ ಕೈ. "ತಪ್ಪು ತಾನಾಗಿ ಬಾಯಿ ಬಿಟ್ಟು ಹೇಳ್ತಾ ಇರುವಾಗ ನಾವು ನಡುವೆ ಬಾಯಿ ಹಾಕಬಾರದು. ಕೊನೆ ಪದದವರೆಗೂ ಕೇಳಬೇಕು" ಎನ್ನುತ್ತಿದ್ದರು. ನನ್ನ ಮೇಜು ಅವರ ಮೇಜಿನ ಪಕ್ಕದಲ್ಲೇ. ಹಾಗಾಗಿ ಜಾವಾ ಬಯ್ಯುವ ಬಯ್ಗುಳವೆಲ್ಲ ನನಗೆ ಬಾಯಿಪಾಠ.

ಇನ್ನೊಂದು ಮಾತು. ಪ್ರತಿದಿನ ಯಂತ್ರ ಚಾಲೂ ಆದಾಗ ಸರಿಯಿದೆಯೇ ಎಂದು ತಿಳಿಯಲು ಮೊದಲು ಒಂದು ಪರೀಕ್ಷೆಯ ಹಾಳೆ ಬರುತ್ತದೆ. ಅದರಲ್ಲಿ ಒಂದೇ ಸಾಲು. "ಪುಟ್ಟಿ, ಇದು ಓದೋಕೆ ಬರುತ್ತಾ ಹೇಳು." ಮೊದಲ ದಿನ ನನಗಾಗಿ ಬರೆದದ್ದು, ಪ್ರೋಗ್ರಾಂನಲ್ಲಿ ಹಾಗೇ ಉಳಿಯಿತು. ಇಪ್ಪತ್ತೆರಡು ವರ್ಷ ಬೆಳಿಗ್ಗೆ ಒಂಬತ್ತಕ್ಕೆ ಆ ಹಾಳೆ ನನ್ನ ಮೇಜಿಗೆ ಬಂದಿದೆ. ಬರುತ್ತೆ ಭಾವ, ಎಂದು ನಾನು ಕೂಗಿ ಹೇಳಿದ ಮೇಲೇ ಪ್ರೆಸ್ಸಿನ ದಿನ ಶುರು.

ಬಸ್ಸು ಇಳಿದು ಪ್ರೆಸ್ಸಿನವರೆಗೆ ಇನ್ನೂರ ನಲವತ್ತು ಹೆಜ್ಜೆ. ಅವರ ಮೊಣಕೈ ಹಿಡಿದು ನಾನು ಅರ್ಧ ಹೆಜ್ಜೆ ಹಿಂದೆ ನಡೆಯುತ್ತಿದ್ದೆ. ಈ ವರ್ಷ ಅದು ಸ್ವಲ್ಪ ಬದಲಾಗಿತ್ತು. ಗೇಟಿನ ಮೆಟ್ಟಿಲ ಹತ್ತಿರ ಭಾವ ನಿಂತುಬಿಡುತ್ತಿದ್ದರು. ನನ್ನ ಕೋಲು ಮೊದಲು ಮೆಟ್ಟಿಲು ತಟ್ಟಬೇಕು, ಆಮೇಲೆ ಅವರ ಕಾಲು. ವಯಸ್ಸಾಯಿತು, ಮಂಡಿ ನೋವಿರಬೇಕು ಎಂದುಕೊಂಡೆ. ಎಲ್ಲರ ತಪ್ಪು ಹಿಡಿಯುವ ನನ್ನ ಬೆರಳು ಅವರ ಮೊಣಕೈಯ ಮೇಲೇ ಇದ್ದರೂ ಅದಕ್ಕೆ ತಿಳಿಯಲಿಲ್ಲ.

ಹೀಗಿರುವಾಗ ಒಂದು ಸೋಮವಾರ ಹಳೆಯ ಕಂಪ್ಯೂಟರ್ ಸುಟ್ಟ ವಾಸನೆ ಬಿಟ್ಟು ಕಣ್ಣು ಮುಚ್ಚಿತು. ಒಳಗಿನ ಹಾರ್ಡ್ ಡಿಸ್ಕ್ ಉಳಿದಿತ್ತು, ಪುಣ್ಯ. ಬದಲಿಗೆ ಒಂದು ಹೊಸ ಕಂಪ್ಯೂಟರ್ ಕಪಾಟಿನಲ್ಲಿ ಸಿದ್ಧವಾಗಿಯೂ ಇತ್ತು. ಅದಕ್ಕೆ ಪ್ರೋಗ್ರಾಂ ತುಂಬಿ ಬಾಯಿಬಡುಕಿಗೆ ಜೋಡಿಸಿದರೆ ಆಯಿತು ಎಂದು ಎಲ್ಲರ ಲೆಕ್ಕ.

ಆರು ತಿಂಗಳ ಹಿಂದೆ ಬಂದ ಮ್ಯಾನೇಜರು ತಮ್ಮ ಕಿರುಗುಟ್ಟುವ ಬೂಟಿನಲ್ಲಿ ಬಂದು ನಿಂತರು. ಕೆಟ್ಟ ಮನುಷ್ಯರಲ್ಲ, ಆದರೆ ಗಡಿಯಾರ ನುಂಗಿದವರು. "ಪರೀಕ್ಷೆಯ ಪ್ರಶ್ನೆಪತ್ರಿಕೆಗಳು ಶನಿವಾರ ಇಲ್ಲಿಂದ ಹೊರಡಬೇಕು. ಗುರುವಾರ ನಾಲ್ಕು ಗಂಟೆಯವರೆಗೆ ಕಾಯ್ತೀನಿ. ಅಷ್ಟರಲ್ಲಿ ಯಂತ್ರ ಓಡದಿದ್ದರೆ ಹೊರಗಿನ ಕಂಪನಿಯವರಿಗೆ ಹೇಳಿಬಿಡ್ತೀನಿ. ಅವರದೇ ಸಾಫ್ಟ್‌ವೇರು, ಅವರದೇ ಜನ."

"ಅಂದರೆ ಭಾವ?" ಎಂದೆ ನಾನು. ನನ್ನನ್ನು ಯಾರೂ ಕೇಳಿರಲಿಲ್ಲ.

"ಅವರಿಗೂ ನಿವೃತ್ತಿಗೆ ಇನ್ನು ಮೂರೇ ವರ್ಷ ಅಲ್ಲವಾ. ಸ್ವಲ್ಪ ಮೊದಲೇ ವಿಶ್ರಾಂತಿ ಸಿಕ್ಕ ಹಾಗೆ" ಎಂದರು ಮ್ಯಾನೇಜರು.

ವಿಶ್ರಾಂತಿಯಂತೆ. ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಮನುಷ್ಯನನ್ನು ಮನೆಗೆ ಕಳಿಸುವುದಕ್ಕೆ ಎಷ್ಟು ಚೆಂದದ ಮಾತು. ಭಾವ ಮಾತ್ರ "ಆಗಲಿ ಸಾರ್, ನೋಡ್ತೀನಿ" ಎಂದಷ್ಟೇ ಹೇಳಿ ಕುರ್ಚಿ ಎಳೆದುಕೊಂಡರು.

ಇಲ್ಲಿ ಒಂದು ವಿಷಯ ಬಿಡಿಸಿ ಹೇಳಬೇಕು. ಜಾವಾ ಪ್ರೋಗ್ರಾಂ ತಾನೇ ನೇರವಾಗಿ ಬಾಯಿಬಡುಕಿಯ ಜೊತೆ ಮಾತಾಡಲಾರದು. ನಡುವೆ ದುಭಾಷಿಯೊಬ್ಬ ಬೇಕು. ಆ ದುಭಾಷಿ ಎಂದರೆ ಯಂತ್ರ ಮಾಡಿದವರು ಕೊಟ್ಟ ಒಂದು ಕಡತ. ಅದನ್ನು ಲೈಬ್ರರಿ ಎನ್ನುತ್ತಾರೆ. ಪ್ರೋಗ್ರಾಂ ಶುರುವಾಗುವಾಗ ಆ ಲೈಬ್ರರಿಯನ್ನು ಕೂಗಿ ಕರೆಯುತ್ತದೆ. ಅದು ಬರದಿದ್ದರೆ ಕೆಲಸ ಅಲ್ಲಿಗೇ ನಿಲ್ಲುತ್ತದೆ, ಪರದೆಯ ಮೇಲೆ ಒಂದೇ ದೂರು. ಅನ್‌ಸ್ಯಾಟಿಸ್‌ಫೈಡ್ ಲಿಂಕ್ ಎರರ್. ಕರೆದವನು ಸಿಗಲಿಲ್ಲ ಎಂದು ಅರ್ಥ. ತಮಾಷೆ ಏನೆಂದರೆ, ಯಾವ ಕಾರಣಕ್ಕೆ ಬರದಿದ್ದರೂ ದೂರಿನ ತಲೆಬರಹ ಅದೇ. ಯಾಕೆ ಬರಲಿಲ್ಲ ಎಂಬುದು ಸಾಲಿನ ಕೊನೆಯಲ್ಲಿರುತ್ತದೆ.

ಸೋಮವಾರ ಮಧ್ಯಾಹ್ನ ಮೊದಲ ದೂರು ಬಂತು. ಲೈಬ್ರರಿ ಇರುವ ಜಾಗ ಹೊಸ ಕಂಪ್ಯೂಟರಿಗೆ ಗೊತ್ತಿರಲಿಲ್ಲ. ಭಾವ ಹಾದಿ ತೋರಿಸಿಕೊಟ್ಟರು. ಮಂಗಳವಾರ ಬೆಳಿಗ್ಗೆ ಮತ್ತೆ ಅದೇ ತಲೆಬರಹ. "ಹಳೇದು ಮೂವತ್ತೆರಡು ಬಿಟ್‌ದು, ಹೊಸದು ಅರವತ್ನಾಲ್ಕು. ಇವೆರಡಕ್ಕೂ ಒಟ್ಟಿಗೆ ಬಾಳ್ವೆ ಆಗಲ್ಲ" ಎಂದರು. ಹಿಂದೊಮ್ಮೆ ಯಂತ್ರ ರಿಪೇರಿಯಾದಾಗ ಅರವತ್ನಾಲ್ಕರ ಲೈಬ್ರರಿಯನ್ನೂ ಅವರು ರಿಪೇರಿಯವನು ಕೊಟ್ಟ ಸಿಡಿ ಡಿಸ್ಕಿನಿಂದ ತೆಗೆದಿಟ್ಟಿದ್ದರು. ಅದನ್ನು ಹಾಕಿದರು. ಮಂಗಳವಾರ ಸಂಜೆ ಮತ್ತೆ ಅದೇ ತಲೆಬರಹ.

ಅಲ್ಲಿಂದ ಮುಂದೆ ಅವರು ಮಾಡಿದ್ದು ನನಗೆ ಅರ್ಥವಾಗಲಿಲ್ಲ. ಆ ಕಡತವನ್ನು ಒಂದು ಫೋಲ್ಡರಿನಿಂದ ಇನ್ನೊಂದಕ್ಕೆ, ಅಲ್ಲಿಂದ ಮತ್ತೊಂದಕ್ಕೆ ಹೊತ್ತು ತಿರುಗಿದರು. ಬೆಕ್ಕು ಮರಿಗಳನ್ನು ಮನೆಯಿಂದ ಮನೆಗೆ ಸಾಗಿಸುವ ಹಾಗೆ. ಒಂದೊಂದು ಸಲವೂ ಓಡಿಸುವುದು, ನಿಟ್ಟುಸಿರು ಬಿಡುವುದು. ಬುಧವಾರ ಹನ್ನೊಂದರ ಹೊತ್ತಿಗೆ ನನಗೆ ರೇಗಿತು.

"ಭಾವ, ಏನು ಹೇಳ್ತಾ ಇದೆ ಅದು? ಓದಿ."

"ಅನ್‌ಸ್ಯಾಟಿಸ್‌ಫೈಡ್ ಲಿಂಕ್ ಎರರ್."

"ಆಮೇಲೆ?"

"ಅಷ್ಟೇ. ಅದೇ ಹಳೇ ರಾಗ."

ಅಷ್ಟೇ ಎಂಬ ಪದವನ್ನು ಈ ಮನುಷ್ಯನ ಬಾಯಲ್ಲಿ ನಾನು ಇಪ್ಪತ್ತೇಳು ವರ್ಷದಲ್ಲಿ ಕೇಳಿರಲಿಲ್ಲ. ಔಷಧಿ ಬಾಟಲಿಯ ಮೇಲಿನ ಸಣ್ಣಕ್ಷರವನ್ನೂ ಬಿಡದೆ ಓದಿ ಅಕ್ಕನ ಪ್ರಾಣ ತಿನ್ನುವವರು. ಆಗಲೇ ಗುಮಾಸ್ತೆ ಆ ಕಡೆಯಿಂದ ಹಾದುಹೋಗುತ್ತಾ, "ಏನು ಸಾರ್, ಅಕ್ಷರ ಇಷ್ಟು ದೊಡ್ಡದು ಮಾಡಿದ್ದೀರಿ? ಗೋಡೆ ಮೇಲೆ ಅಂಟಿಸೋ ಹಾಗಿದೆ" ಎಂದಳು. "ಹೊಸ ಪರದೆ ಅಲ್ಲವಾ, ಇನ್ನೂ ಸರಿ ಮಾಡಿಲ್ಲ" ಎಂದರು ಭಾವ, ತುಸು ಬೇಗನೆ. ಆಮೆ ಅಷ್ಟು ಬೇಗ ಉತ್ತರ ಕೊಡುವುದಿಲ್ಲ.

ಅವರು ಊಟಕ್ಕೆ ಎದ್ದುಹೋದಾಗ ನಾನು ನನ್ನ ಮೇಜಿನಲ್ಲೇ ಉಳಿದೆ. ಪ್ರೋಗ್ರಾಂನ ದೂರುಗಳೆಲ್ಲ ಒಂದು ಕಡತದಲ್ಲಿ ತಾವಾಗಿ ದಾಖಲಾಗುತ್ತವೆ, ಅದು ಎಲ್ಲರಿಗೂ ತೆರೆಯುವ ಫೋಲ್ಡರಿನಲ್ಲಿದೆ. ನನ್ನ ಕಂಪ್ಯೂಟರ್ ಪರದೆಯ ಮೇಲಿದ್ದದ್ದನ್ನು ಓದಿ ಹೇಳುತ್ತದೆ. ಆ ಓದುವ ದನಿಗೆ ರಾಗವಿಲ್ಲ, ಭಾವವಿಲ್ಲ, ಆದರೆ ಒಂದು ಒಳ್ಳೆಯ ಗುಣವಿದೆ. ಏನನ್ನೂ ಬಿಡುವುದಿಲ್ಲ. ಮಂಗಳವಾರ ಸಂಜೆಯಿಂದ ಬಂದ ದೂರುಗಳನ್ನು ಕಿವಿಗೆ ಹಾಕಿಕೊಂಡೆ. ತಲೆಬರಹ ಬಂತು. ಕಡತದ ಉದ್ದನೆಯ ವಿಳಾಸ ಬಂತು. ಕೊನೆಯಲ್ಲಿ ನಾಲ್ಕೇ ಪದ ಬಂದವು. ಕಾಂಟ್ ಫೈಂಡ್ ಡಿಪೆಂಡೆಂಟ್ ಲೈಬ್ರರೀಸ್.

ಅಂದರೆ ಕಡತ ಸಿಕ್ಕಿದೆ. ಕರೆದವನು ಬಾಗಿಲಿಗೆ ಬಂದು ನಿಂತಿದ್ದಾನೆ. ಆದರೆ ಅವನು ಯಾರನ್ನು ನೆಚ್ಚಿಕೊಂಡಿದ್ದಾನೋ ಆ ಜೊತೆಗಾರ ಬಂದಿಲ್ಲ, ಅವನಿಲ್ಲದೆ ಇವನು ಒಳಗೆ ಕಾಲಿಡಲಾರ. ಅದನ್ನು ಎಲ್ಲಿಗೆ ಹೊತ್ತು ತಿರುಗಿದರೂ ಪ್ರಯೋಜನವಿಲ್ಲ. ಇದೇ ಸಾಲು ಮೂವತ್ತೊಂದು ಸಲ ಬಂದಿತ್ತು. ಮೂವತ್ತೊಂದು ಸಲವೂ ಭಾವ ಅದನ್ನು ಓದಿರಲಿಲ್ಲ. ಓದದೆ ಬಿಡುವ ಮನುಷ್ಯ ಅವರಲ್ಲ. ಹಾಗಾದರೆ ಓದಲು ಆಗಿಲ್ಲ.

ಗೇಟಿನ ಮೆಟ್ಟಿಲು, ದೊಡ್ಡ ಅಕ್ಷರ, ಅಷ್ಟೇ ಎಂಬ ಪದ, ಎಲ್ಲ ಒಟ್ಟಿಗೆ ಬಂದು ನನ್ನ ಎದೆಯ ಮೇಲೆ ಕೂತವು.

ಊಟದಿಂದ ಬಂದವರನ್ನು ಕಾಗದದ ಕೋಣೆಗೆ ಕರೆದೆ. ಸುತ್ತ ಕಟ್ಟುಕಟ್ಟು ಕಾಗದ, ಬಾಗಿಲು ಹಾಕಿದರೆ ಹೊರಗೆ ಪಿಟ್ಟೆಂದೂ ಕೇಳಿಸುವುದಿಲ್ಲ.

"ಕಣ್ಣಿಗೆ ಏನಾಗಿದೆ?" ಎಂದೆ.

ಒಂದು ಕಟ್ಟಿನ ಮೇಲೆ ಅವರು ಕೂತ ಸದ್ದಾಯಿತು. "ಒಳಗಿನ ಅಕ್ಷಿಪಟಲ ಸವೆದುಹೋಗ್ತಾ ಇದೆಯಂತೆ. ಅಂಚಿನಲ್ಲಿ ಕಾಣತ್ತೆ, ನಡುವೆ ಮಸುಕು. ಅಕ್ಷರ ದೊಡ್ಡದು ಮಾಡಿದರೆ ಸಾಲು ಪರದೆಯಿಂದ ಆಚೆ ಹೋಗಿಬಿಡತ್ತೆ. ಪಕ್ಕಕ್ಕೆ ಸರಿಸಿದರೆ ಯಾವ ಸಾಲಿನಲ್ಲಿದ್ದೆ ಅಂತಲೇ ತಪ್ಪಿಹೋಗತ್ತೆ. ಅದಕ್ಕೇ ಅಂದಾಜಿನಲ್ಲಿ ಮಾಡ್ತಾ ಇದ್ದೆ."

"ಎಷ್ಟು ದಿನದಿಂದ?"

"ಒಂದು ವರ್ಷ."

"ಅಕ್ಕನಿಗೆ?"

"ಹಲ್ಲಿನ ಡಾಕ್ಟರ ಹತ್ರ ಹೋಗ್ತೀನಿ ಅಂತ ಹೇಳಿದ್ದೀನಿ."

ವರ್ಷವಿಡೀ ಹಲ್ಲಿನ ಡಾಕ್ಟರ ಹತ್ತಿರ ಹೋದವರ ಬಾಯಲ್ಲಿ ಒಂದು ಹಲ್ಲೂ ಬದಲಾಗಿಲ್ಲ. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದರೆ ಲೋಕಕ್ಕೆ ತಿಳಿಯುವುದಿಲ್ಲವಂತೆ, ಹಾಗಾಯಿತು ಇದು. ಇಷ್ಟರವರೆಗೆ ನನಗೆ ಅಳು ಬರುವ ಹಾಗಿತ್ತು, ಕೋಪ ಬಂದಿರಲಿಲ್ಲ. ಕೋಪ ಬಂದದ್ದು ಅವರ ಮುಂದಿನ ಮಾತಿಗೆ.

"ಪುಟ್ಟಿ, ಮ್ಯಾನೇಜರಿಗೆ ಗೊತ್ತಾಗಬಾರದು. ಕಣ್ಣಿಲ್ಲದವನನ್ನ ಇಟ್ಕೊಂಡು ಏನು ಮಾಡ್ತಾರೆ, ಮನೆಗೆ ಕಳಿಸ್ತಾರೆ."

ನಾನು ಒಂದು ಕ್ಷಣ ಸರಿಯಾಗಿ ಕೇಳಿಸಿಕೊಂಡೆನೇ ಎಂದು ಯೋಚಿಸಿದೆ. "ಏನಂದಿರಿ?"

ಅವರು ಕೂತ ಕಟ್ಟಿನ ಕಾಗದ ಸರಪರ ಎಂದಿತು.

"ಹದಿನೇಳರಲ್ಲಿ ಒಂಬತ್ತು ಜನ ಇದ್ದೀವಿ ಭಾವ. ಇಪ್ಪತ್ತೆರಡು ವರ್ಷ ನಿಮ್ಮ ಪಕ್ಕದ ಕುರ್ಚಿಯಲ್ಲಿ ಕೂತಿದ್ದೀನಿ. ಕಣ್ಣಿಲ್ಲದವರನ್ನ ಇಟ್ಕೊಂಡು ಏನು ಮಾಡ್ತಾರೆ ಅಂತ ನಿಮಗೆ ಇನ್ನೂ ಗೊತ್ತಾಗಿಲ್ಲವಾ? ಹಾಗಾದರೆ ನಾನು ಇಷ್ಟು ದಿನ ಇಲ್ಲಿ ಏನು ಮಾಡ್ತಾ ಇದ್ದೆ? ನಿಮ್ಮ ದಯದಲ್ಲಿ ಕೂತಿದ್ದೆನಾ?"

"ನಾನು ಹಾಗಂದೆನಾ..."

"ಹಾಗೇ ಅಂದಿರಿ."

ಬಾಗಿಲು ತೆಗೆದು ಹೊರಗೆ ಬಂದೆ. ಸಾಲಿನ ಕೊನೆಯ ನಾಲ್ಕು ಪದ ನನ್ನ ನಾಲಿಗೆಯ ತುದಿಯಲ್ಲೇ ಇದ್ದವು. ಹೇಳಲಿಲ್ಲ. ಹೇಳಬೇಕಿತ್ತು, ಆದರೆ ಹೇಳಲಿಲ್ಲ. ನನ್ನ ಹಣೆಬರಹ ನೋಡಿ ಮರುಗಿದವರು, ತಲೆ ಸವರಿದವರು, ಕೈಗೆ ಚಿಲ್ಲರೆ ತುರುಕಿದವರು ಸಾವಿರ ಜನ. ಅವರ್ಯಾರ ಮಾತೂ ನನಗೆ ನಾಟಿದ್ದಿಲ್ಲ. ಏನು ಓದುತ್ತಿದ್ದೀಯ ಎಂದು ನನ್ನನ್ನೇ ಕೇಳಿದ ಒಬ್ಬನೇ ಮನುಷ್ಯ ಒಳಗೊಳಗೆ ಅವರಂತೆಯೇ ಇದ್ದನಲ್ಲ ಎಂಬುದು ನಾಟಿತು.

ಆ ಸಂಜೆ ನಾನು ಅವರ ಮೊಣಕೈ ಹಿಡಿಯಲಿಲ್ಲ. ಕೋಲು ಹಿಡಿದು ಮುಂದೆ ನಡೆದೆ. ಅವರ ಚಪ್ಪಲಿಯ ಸದ್ದು ಹಿಂದೆ ಬಂತು, ಎರಡು ಕಡೆ ಎಡವಿತು. ನಾನು ನಿಲ್ಲಲಿಲ್ಲ. ನನ್ನ ಮೇಲೆ ನನಗೇ ಅಸಹ್ಯವಾಯಿತು, ಆದರೂ ನಿಲ್ಲಲಿಲ್ಲ.

ನಾನಿರುವುದು ಅಕ್ಕ ಭಾವ ಇರುವ ಮನೆಯ ಕೆಳಗಿನ ಕೋಣೆಯಲ್ಲಿ. ಅವರದು ಮೇಲಿನ ಮಹಡಿ. ಗುರುವಾರ ಬೆಳಿಗ್ಗೆ ಬಾಗಿಲು ಹಾಕಿಕೊಂಡು ಹೊರಡುವ ಹೊತ್ತಿಗೆ ಮೇಲಿನಿಂದ ಅವರು ಇಳಿಯುವುದು ಕೇಳಿಸಿತು. ಅಕ್ಕ ಮೇಲಿನಿಂದಲೇ "ಡಬ್ಬಿ ಮರೀಬೇಡಿ" ಎಂದಳು, ಇವರು "ಹೂಂ" ಎಂದರು. ಆಮೇಲೆ ಇನ್ನೊಂದು ಸದ್ದು. ಉಸಿರಿನಷ್ಟು ಸಣ್ಣ ದನಿ. "ನಾಲ್ಕು. ಐದು. ಆರು." ಮೆಟ್ಟಿಲು ಎಣಿಸುತ್ತಿದ್ದರು. ಒಂಬತ್ತನೆಯದು ಉಳಿದವಕ್ಕಿಂತ ತುಸು ಎತ್ತರ, ಅಲ್ಲಿ ನಿಂತರು, ಕಾಲಿನಿಂದ ತಡಕಿದರು, ಮತ್ತೆ ಎಣಿಸಿದರು.

ಏಳು ವರ್ಷದವಳಿದ್ದಾಗ ನಾನು ಹೀಗೇ ಎಣಿಸುತ್ತಿದ್ದೆ. ಯಾರಿಗೂ ಕೇಳಿಸದ ಹಾಗೆ. ಎಣಿಸುವುದು ಕೇಳಿಸಿದರೆ ಅಮ್ಮ ಅಳುತ್ತಿದ್ದಳು, ಅದಕ್ಕೆ. ಆಗ ನನಗಿದ್ದದ್ದು ಇನ್ನೇನಲ್ಲ, ಹೆದರಿಕೆ. ಈ ಐವತ್ತೇಳು ವರ್ಷದ ಮನುಷ್ಯನಿಗೂ ಅದೇ. ಹೆದರಿದವನು ಆಡಿದ ಮಾತನ್ನು ತಕ್ಕಡಿಗೆ ಹಾಕಿ ತೂಗಿದ್ದು ನನ್ನದೇ ಹೆಡ್ಡತನ ಎನ್ನಿಸಿತು. ನೋವು ಹೋಯಿತು ಎಂದಲ್ಲ. ನೋವು ಇದ್ದ ಹಾಗೇ ಇತ್ತು, ಹೋಗಿ ಅವರ ಪಕ್ಕ ನಿಂತೆ.

"ಒಟ್ಟು ಹದಿನಾಲ್ಕು. ಒಂಬತ್ತನೇದು ಎತ್ತರ. ಎಣಿಸೋದಾದರೆ ಜೋರಾಗಿ ಎಣಿಸಿ, ಅಕ್ಕನಿಗೂ ಗೊತ್ತಾಗಲಿ" ಎಂದೆ.

ನಾನು ನನ್ನ ಮೊಣಕೈ ಚಾಚಿದೆ. ಸ್ವಲ್ಪ ಹೊತ್ತಿನ ಮೇಲೆ ಅದನ್ನು ಒಂದು ಕೈ ಹಿಡಿಯಿತು. ಹಿಡಿಯಲು ಬರುತ್ತಿರಲಿಲ್ಲ, ಪೂರ್ತಿ ಭಾರ ಹಾಕಿದರು. ದಾರಿಯಲ್ಲಿ ಎರಡು ಸಲ ಬೈದೆ.

ಪ್ರೆಸ್ಸಿನಲ್ಲಿ ಅವರನ್ನು ನನ್ನ ಮೇಜಿನ ಮುಂದೆ ಕೂರಿಸಿ, ಕಿವಿಯ ವೈರು ಕಿತ್ತು, ದನಿಯನ್ನು ಹೊರಗೆ ಬಿಟ್ಟೆ. ದೂರಿನ ಸಾಲು ಮೊದಲ ಪದದಿಂದ ಕೊನೆಯ ಪದದವರೆಗೆ ಕೇಳಿಸಿತು. ಭಾವ "ಇನ್ನೊಂದು ಸಲ" ಎಂದರು. ಇನ್ನೊಂದು ಸಲ ಹಾಕಿದೆ.

"ಅಯ್ಯೋ ನನ್ನ ಬುದ್ಧಿಗಿಷ್ಟು. ಕಡತ ಸಿಕ್ಕಿದೆ. ಅದಕ್ಕೆ ಬೇಕಾದ ಜೊತೆ ಕಡತ ಇಲ್ಲ" ಎಂದರು. ಆ ದನಿಯಲ್ಲಿ ನಾಚಿಕೆಗಿಂತ ಖುಷಿ ಹೆಚ್ಚಿತ್ತು. "ರಿಪೇರಿಗೆ ಬಂದವನು ಕೊಟ್ಟ ಡಿಸ್ಕಿನಿಂದ ನಾನು ಒಂದೇ ಕಡತ ತೆಗೆದುಕೊಂಡಿದ್ದೆ. ಪಕ್ಕದಲ್ಲಿ ಇನ್ನೊಂದು ಫೋಲ್ಡರ್ ಇತ್ತು, ಮೊದಲು ಇದನ್ನ ಇನ್‌ಸ್ಟಾಲ್ ಮಾಡಿ ಅಂತ. ಹಳೇ ಕಂಪ್ಯೂಟರಿನಲ್ಲಿ ಅಂಥದ್ದು ಆಗಲೇ ಇತ್ತು, ಹಾಗಾಗಿ ಬಿಟ್ಟುಬಿಟ್ಟೆ. ಆ ಡಿಸ್ಕ್ ಬೇಕು."

ಡಿಸ್ಕುಗಳೆಲ್ಲ ಅವರ ಮೇಜಿನ ಕೆಳಗಿನ ಖಾನೆಯಲ್ಲಿದ್ದವು. ಐವತ್ತೋ ಅರವತ್ತೋ. ಒಂದೊಂದನ್ನೇ ಮೂಗಿನ ಹತ್ತಿರ ಹಿಡಿದು, ಭೂತಗನ್ನಡಿ ಇಟ್ಟು, ಮಾಸಿದ ಶಾಯಿಯ ಬರಹ ಹುಡುಕಲು ತೊಡಗಿದರು. ಹೀಗೆ ಹುಡುಕಿದರೆ ನಾಲ್ಕು ಗಂಟೆ ಎಂಬುದು ಮುಂದಿನ ವಾರಕ್ಕೆ ಬರುತ್ತಿತ್ತು.

"ಸರೀರಿ ಆ ಕಡೆ" ಎಂದೆ.

ಆ ಡಿಸ್ಕಿನ ಡಬ್ಬಿಗಳಿಗೆಲ್ಲ ಬ್ರೈಲ್ ಪಟ್ಟಿ ಅಂಟಿಸಿದವಳು ನಾನು. ಆಗ ಇವರು, ಇದೆಲ್ಲ ಯಾಕೆ, ನಾನು ಬರೆದಿದ್ದೀನಲ್ಲ, ಎಂದು ನಕ್ಕಿದ್ದರು. ನೆಲದ ಮೇಲೆ ಕೂತು ಅಂಚುಗಳ ಮೇಲೆ ಬೆರಳಾಡಿಸುತ್ತಾ ಹೋದೆ. ಎರಡನೆಯ ಸಾಲಿನ ಹನ್ನೊಂದನೆಯದು. ಬಾಯಿಬಡುಕಿ, ರಿಪೇರಿ ಎರಡು, ಬಿಸಾಡಬೇಡಿ. ಎರಡು ನಿಮಿಷವೂ ಹಿಡಿಯಲಿಲ್ಲ. ಡಬ್ಬಿಯನ್ನು ಅವರ ಕೈಗಿಟ್ಟು ಎದ್ದೆ. ಅಷ್ಟು ಸಾಕಿತ್ತು.

ಹೊಸ ಕಂಪ್ಯೂಟರಿಗೆ ಡಿಸ್ಕ್ ನುಂಗುವ ಬಾಯಿಯೇ ಇರಲಿಲ್ಲ. ಗುಮಾಸ್ತೆಯ ತೆವಳುವ ಹಳೆಯ ಕಂಪ್ಯೂಟರಿನಲ್ಲಿ ಹಾಕಿ, ಪೆನ್ ಡ್ರೈವಿಗೆ ತುಂಬಿಸಿಕೊಂಡು, ಇಲ್ಲಿ ತಂದು ಇನ್‌ಸ್ಟಾಲ್ ಮಾಡುವಷ್ಟರಲ್ಲಿ ಮೂರೂಕಾಲು. ಭಾವ ಪ್ರೋಗ್ರಾಂ ಓಡಿಸಿದರು. ಎರಡು ಕ್ಷಣ ಏನೂ ಇಲ್ಲ. ಆಮೇಲೆ ಬಾಯಿಬಡುಕಿ ಗಂಟಲು ಸರಿಮಾಡಿಕೊಂಡು ಒಂದೇ ಸಮನೆ ಬಡಬಡಿಸತೊಡಗಿತು. ಆ ದರಿದ್ರ ಸದ್ದು ಅಷ್ಟು ಹಿತವಾಗಿ ನನಗೆ ಯಾವತ್ತೂ ಕೇಳಿಸಿರಲಿಲ್ಲ.

ನಾಲ್ಕಕ್ಕೆ ಸರಿಯಾಗಿ ಬೂಟು ಕಿರುಗುಟ್ಟಿತು. ಪ್ರಶ್ನೆಪತ್ರಿಕೆಯ ಹಾಳೆಗಳು ಬೀಳುತ್ತಿದ್ದವು. "ಭೇಷ್" ಎಂದರು ಮ್ಯಾನೇಜರು. "ಏನಾಗಿತ್ತು?"

ಜೊತೆ ಕಡತ ಇರಲಿಲ್ಲ ಸಾರ್, ಎಂದು ಹೇಳಿದ್ದರೆ ಮುಗಿದುಹೋಗುತ್ತಿತ್ತು. ಸುಳ್ಳೂ ಆಗುತ್ತಿರಲಿಲ್ಲ. ಕುರ್ಚಿ ಉಳಿಯುತ್ತಿತ್ತು.

"ತಪ್ಪು ಮಂಗಳವಾರವೇ ಪರದೆ ಮೇಲೆ ಬಂದಿತ್ತು ಸಾರ್" ಎಂದರು ಭಾವ. "ಸಾಲಿನ ಕೊನೆ ನನಗೆ ಕಾಣಲಿಲ್ಲ. ನನ್ನ ಕಣ್ಣು ಹೋಗ್ತಾ ಇದೆ. ಒಂದು ವರ್ಷದಿಂದ ಮುಚ್ಚಿಟ್ಟಿದ್ದೆ. ಇವಳು ಕೇಳಿಸಿಕೊಂಡು ಹೇಳಿದಳು, ಡಿಸ್ಕನ್ನೂ ಇವಳೇ ಹುಡುಕಿದಳು."

ಬಾಯಿಬಡುಕಿ ಒಂದು ಹಾಳೆ ಮುಗಿಸಿ ಇನ್ನೊಂದಕ್ಕೆ ಹೋಯಿತು. ಮ್ಯಾನೇಜರು ಕೆಮ್ಮಿದರು. "ಅದಕ್ಕೆ ಒಂದು ಅರ್ಜಿ ಬರೆದುಕೊಡಬೇಕಿತ್ತಲ್ಲರೀ" ಎಂದರು, ಏನೋ ರಜೆಯ ವಿಷಯ ಎಂಬ ಹಾಗೆ. "ಓದಿ ಹೇಳೋ ಸಾಫ್ಟ್‌ವೇರು ಹತ್ತು ಕಂಪ್ಯೂಟರಿಗೆ ತರಿಸಿದ್ದೀವಿ, ಒಂಬತ್ತಕ್ಕೇ ಹಾಕಿರೋದು. ಒಂದು ಸುಮ್ಮನೆ ಬಿದ್ದಿದೆ. ನಾಳೆ ಹಾಕಿಸ್ಕೊಳ್ಳಿ. ಶನಿವಾರದ ಕೆಲಸ ಮಾತ್ರ ತಪ್ಪಬಾರದು." ಬೂಟು ಕಿರುಗುಟ್ಟುತ್ತಾ ಹೋಯಿತು.

ಒಂದು ವರ್ಷ ಹೆದರಿದ್ದಕ್ಕೆ ಉತ್ತರ ಅರ್ಧ ನಿಮಿಷದ್ದು. ನನಗೆ ನಗು ಬಂತು. ಭಾವನಿಗೆ ಬರಲಿಲ್ಲ. ನನ್ನ ಕುರ್ಚಿಯ ಹತ್ತಿರ ಬಂದು ನಿಂತರು.

"ಪುಟ್ಟಿ, ನಿನ್ನೆ ನಾನು ಅಂದಿದ್ದು ನಿನ್ನ ಬಗ್ಗೆ ಅಲ್ಲ. ನಿನ್ನ ಹಾಗೆ ನನಗೆ ಆಗಲ್ಲ ಅಂತ. ನಿನಗೆ ಬರೋದು ಯಾವುದೂ ನನಗೆ ಬರಲ್ಲ."

"ಬರಲ್ಲ ಅಂತ ಗೊತ್ತು. ಬೆಳಿಗ್ಗೆ ನನ್ನ ಕೈ ಕಿತ್ತುಹಾಕಿದಿರಲ್ಲ" ಎಂದೆ. ಪಕ್ಕಕ್ಕೆ ಒಂದು ಕುರ್ಚಿ ಎಳೆದೆ. "ಕೂತ್ಕೊಳ್ಳಿ. ಬೆಳಗಿನ ಪರೀಕ್ಷೆ ಹಾಳೆ ಎಲ್ಲಿ?"

ಯಂತ್ರದಿಂದ ಮೊದಲು ಬಿದ್ದ ಆ ಹಾಳೆ ಮೂರು ದಿನ ತಡವಾಗಿ ನನ್ನ ಮೇಜಿಗೆ ಬಂತು. ಅದನ್ನು ಅವರ ಮುಂದಿಟ್ಟು, ಅವರ ತೋರುಬೆರಳನ್ನು ಹಿಡಿದು ಸಾಲಿನ ಶುರುವಿಗೆ ಇಟ್ಟೆ. ದಪ್ಪ ಬೆರಳು, ಇಪ್ಪತ್ತೆರಡು ವರ್ಷ ಕೀಲಿಮಣೆ ಕುಟ್ಟಿ ಗಟ್ಟಿಯಾದದ್ದು. ಚುಕ್ಕೆಗಳ ಮೇಲೆ ಒತ್ತಿ ಉಜ್ಜಿದರು. "ಮೆಲ್ಲಗೆ. ಅಳಿಸ್ತಾ ಇದ್ದೀರಾ ಓದ್ತಾ ಇದ್ದೀರಾ?" ಎಂದೆ.

"ಪ" ಎಂದರು, ಬಹಳ ಹೊತ್ತಿನ ಮೇಲೆ. ಆಮೇಲೆ, "ಮುಂದಿಂದು ಗೊತ್ತೇ ಇದೆಯಲ್ಲ ಪುಟ್ಟಿ. ನಾನೇ ಬರೆದದ್ದು."

"ಗೊತ್ತಿರೋದನ್ನ ಹೇಳಬೇಡಿ. ಬೆರಳಿಗೆ ಸಿಕ್ಕಿದ್ದನ್ನ ಹೇಳಿ. ಕೊನೆ ಪದದವರೆಗೂ."

ಗುಮಾಸ್ತೆ ದೀಪ ಹಾಕಿ ಹೋದಳು. ಹೊರಗೆ ಎಲ್ಲರೂ ಕೈಚೀಲ ಎತ್ತಿಕೊಂಡು ಹೊರಟರು. ಅವರ ಬೆರಳು ಸಾಲಿನ ಕೊನೆ ಮುಟ್ಟುವಾಗ ನಮ್ಮ ಬಸ್ಸು ಹೊರಟುಹೋಗಿತ್ತು. ಅಲ್ಲಿ ನಿಂತು, ಹಿಂದೆ ಹೋಗಿ, ಮತ್ತೆ ಮುಂದೆ ಬಂದು, ಎರಡನೆಯ ಸಲ ಓದಿ, "ಹೇಳು" ಎಂದರು. ಕೈಯನ್ನು ಹಾಳೆಯ ಮೇಲೇ ಬಿಟ್ಟುಕೊಂಡು ಸುಮ್ಮನೆ ಕೂತರು.

"ಬರುತ್ತೆ ಭಾವ" ಎಂದೆ.